ಹಾವನ್ನು ಮನೆಯಲ್ಲಿ ಸಾಕಬಹುದೇ? ಜನರು ಕೇಳುವ ಪ್ರಶ್ನೆಗಳಿಗೆ ಉತ್ತರ

ಹಾವು ಕಚ್ಚಿದವರನ್ನು ಕರೆತಂದ ಬಂಧುಗಳು ವಾರ್ಡಿನ ಹೊರಗೆ ಕಾದು ಕುಳಿತಿರುವಾಗ ವೈದ್ಯರನ್ನೂ ದಾದಿಯರನ್ನೂ ಅನೇಕ ಪ್ರಶ್ನೆಗಳನ್ನು ಕೇಳುತ್ತಾರೆ. ಜೀವಕ್ಕೆ ಅಪಾಯವಿದೆಯೇ ಎಂಬುದು ಮೊದಲನೆಯದು. ರೋಗಿ ಕಣ್ಣು ಬಿಟ್ಟು ಮಾತನಾಡಿ, ಭಯ ಸ್ವಲ್ಪ ಇಳಿದ ಮೇಲೆ ಬರುವ ಪ್ರಶ್ನೆಗಳು ಬೇರೆಯವು. ಹಾವನ್ನು ಸಾಕಿದರೆ ತಪ್ಪೇ? ಹಾವಾಡಿಗರ ಹಾವಿಗೆ ವಿಷ ಇರುತ್ತದೆಯೇ? ಎರಡು ತಲೆ ಹಾವು ಮನೆಯಲ್ಲಿದ್ದರೆ ಅದೃಷ್ಟವಂತೆ, ನಿಜವೇ? ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಸುತ್ತ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ಕಣಿವೆಯ ಕಾಡುಗಳಿವೆ. ನಡುವೆ ಗದ್ದೆ, ಕಬ್ಬು, ಅರಿಶಿನ, ಹಿಪ್ಪುನೇರಳೆ ತೋಟಗಳಿವೆ. ಹಾವು ನಮಗೆ ದೂರದ ಪ್ರಾಣಿಯಲ್ಲ. ಆದ್ದರಿಂದ ಇಂತಹ ಪ್ರಶ್ನೆಗಳು ಬರುವುದು ಸಹಜ. ಹೆಚ್ಚಾಗಿ ಕೇಳುವ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಾಯಿ, ಬೆಕ್ಕು ಸಾಕುವಂತೆ ಹಾವನ್ನೂ ಸಾಕಬಹುದೇ?

ಉತ್ತರ: ನಮ್ಮ ದೇಶದ ಹಾವನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವನ್ನು ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ. ಈ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಾಗರಹಾವು, ಹೆಬ್ಬಾವು, ಕೊಳಕುಮಂಡಲ, ಅಷ್ಟೇಕೆ, ಹೊಲದಲ್ಲಿ ದಿನವೂ ಕಾಣುವ ಕೇರೆಹಾವು ಕೂಡ ಈಗ ಮೊದಲನೆಯ ಅನುಸೂಚಿಯಲ್ಲಿವೆ. ಅಂದರೆ ಹುಲಿ, ಆನೆಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷದವರೆಗೆ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅಕ್ಕರೆಯಿಂದ ಸಾಕಿದೆ, ಮೊಟ್ಟೆ ಕೊಟ್ಟೆ, ಹಿಂಸೆ ಮಾಡಲಿಲ್ಲ ಎಂದು ಹೇಳಿದರೆ ಕಾನೂನು ಬಿಡುವುದಿಲ್ಲ.

ಮಕ್ಕಳಿಗೆ ಹಾವು ನೋಡುವ ಆಸೆಯಿದ್ದರೆ 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯ ಇಲ್ಲಿಂದ ಹೆಚ್ಚು ದೂರವೇನಿಲ್ಲ. ಗಾಜಿನ ಆಚೆ ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲವರು ಮನೆಯಲ್ಲೇ ಹೆಬ್ಬಾವು ಸಾಕುತ್ತಾರಂತೆ. ಅವರಿಗೆ ಕಾನೂನು ಇಲ್ಲವೇ?

ಉತ್ತರ: ಅವು ಬಹುತೇಕ ಆಫ್ರಿಕಾ ಅಥವಾ ಅಮೆರಿಕ ಮೂಲದ ಹಾವುಗಳು. ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು ಅವುಗಳಲ್ಲೊಂದು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂತಹ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಇದಕ್ಕಾಗಿ 2024ರಲ್ಲಿ ಪ್ರತ್ಯೇಕ ನಿಯಮಗಳೇ ಬಂದಿವೆ. ವೈದ್ಯರಾಗಿ ನಾವು ಹೇಳುವುದು ಇಷ್ಟೇ: ಹೊರದೇಶದ ವಿಷದ ಹಾವು ಕಚ್ಚಿದರೆ ನಮ್ಮ ಆಸ್ಪತ್ರೆಗಳಲ್ಲಿರುವ ಔಷಧಿಯನ್ನು ನಂಬುವಂತಿಲ್ಲ. ಅದು ನಮ್ಮ ನೆಲದ ಹಾವುಗಳ ವಿಷಕ್ಕಾಗಿಯೇ ತಯಾರಾದದ್ದು.

ಪ್ರಶ್ನೆ: ಎರಡು ತಲೆ ಹಾವು ಮನೆಯಲ್ಲಿದ್ದರೆ ಹಣ ಬರುತ್ತದೆ, ಲಕ್ಷಗಟ್ಟಲೆ ಬೆಲೆ ಇದೆ ಎನ್ನುತ್ತಾರಲ್ಲ?

ಉತ್ತರ: ನಮ್ಮ ಜಿಲ್ಲೆಯಲ್ಲಿ ಯಾರಾದರೂ ಹಾವನ್ನು ಬಚ್ಚಿಟ್ಟು ಸಾಕಿದ್ದಾರೆಂದರೆ ಅದು ಬಹುಮಟ್ಟಿಗೆ ಈ ಹಾವೇ ಆಗಿರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಇದರ ಸರಿಯಾದ ಹೆಸರು ಮಣ್ಣುಮುಕ್ಕ ಹಾವು. ಒಣ ಭೂಮಿಯ ಸಡಿಲ ಮಣ್ಣಿನಲ್ಲಿ ಹುದುಗಿಕೊಂಡು ಇಲಿ, ಹೆಗ್ಗಣ ತಿಂದು ಬದುಕುವ ಸಾಧು ಪ್ರಾಣಿ. ವಿಷವಿಲ್ಲ. ಬಾಲ ಮೊಂಡಾಗಿ ತಲೆಯ ಹಾಗೆಯೇ ಕಾಣುತ್ತದೆ. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಮೇಲೆತ್ತುತ್ತದೆ. ಶತ್ರು ತಲೆಯೆಂದು ತಿಳಿದು ಬಾಲಕ್ಕೆ ಬಾಯಿ ಹಾಕಲಿ ಎಂದು ಪ್ರಕೃತಿ ಕೊಟ್ಟ ಉಪಾಯ ಅದು. ಇದನ್ನೇ ನೋಡಿ ಎರಡು ತಲೆ ಎಂದರು. ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ಚಲಿಸುತ್ತದೆ ಎಂಬ ಕಥೆಯೂ ಸೇರಿಕೊಂಡಿತು. ನಿಜವಾಗಿ ಎರಡು ತಲೆಯಿರುವ ಹಾವಿನ ಮರಿ ಎಲ್ಲೋ ಅಪರೂಪಕ್ಕೆ ಹುಟ್ಟುವುದುಂಟು. ಆದರೆ ಅದರ ಎರಡೂ ತಲೆ ಒಂದೇ ಕಡೆ ಇರುತ್ತವೆ. ಅದು ಹುಟ್ಟಿನ ದೋಷ, ಅಂತಹ ಮರಿ ಹೆಚ್ಚು ಕಾಲ ಬದುಕುವುದಿಲ್ಲ.

ನಿಧಿ ತೋರಿಸುತ್ತದೆ, ವಾಸಿಯಾಗದ ಕಾಯಿಲೆಗಳಿಗೆ ಮದ್ದಾಗುತ್ತದೆ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ಮಾತುಗಳನ್ನು ಹರಡುವವರು ದಲ್ಲಾಳಿಗಳು. ಈ ಹಾವಿನಿಂದ ತಯಾರಾದ ಯಾವ ಔಷಧಿಯೂ ವೈದ್ಯಶಾಸ್ತ್ರದಲ್ಲಿ ಇಲ್ಲ. ಇದನ್ನು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕೊಂಡು ಶ್ರೀಮಂತರಾದವರ ಸುದ್ದಿ ಮಾತ್ರ ಇದುವರೆಗೂ ಬಂದಿಲ್ಲ.

ಆಸ್ಪತ್ರೆಗೆ ಸಂಬಂಧಿಸಿದ ವಿಷಯ ಇನ್ನೊಂದಿದೆ. ಮಣ್ಣುಹಾವಿನಲ್ಲೇ ಮತ್ತೊಂದು ಜಾತಿ ಇದೆ. ಅದರ ಮೈ ದಪ್ಪ, ಮೇಲೆಲ್ಲ ಕಂದು ಮಚ್ಚೆಗಳು. ಕೊಳಕುಮಂಡಲವೂ ದಪ್ಪ, ಅದರ ಮೈಮೇಲೂ ಕಂದು ಮಚ್ಚೆಗಳು. ಸಂಜೆಯ ಮಬ್ಬಿನಲ್ಲಿ, ಬ್ಯಾಟರಿ ಬೆಳಕಿನಲ್ಲಿ, ಆಸೆಯ ಕಣ್ಣಿನಲ್ಲಿ ಎರಡೂ ಒಂದೇ. ಸಾಧು ಹಾವೆಂದು ಕೈಯಿಂದ ಎತ್ತಿ ಗೋಣಿಚೀಲಕ್ಕೆ ಹಾಕುವವರು ಕಚ್ಚಿಸಿಕೊಳ್ಳುವುದು ಹೀಗೆ. ಮರಿ ಹೆಬ್ಬಾವು ಎಂದು ಕೊಳಕುಮಂಡಲವನ್ನು ಹಿಡಿಯುವುದೂ ಉಂಟು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುತ್ತದೆ, ಮೂತ್ರಪಿಂಡ ಕೆಡುತ್ತದೆ. ಬದುಕಿದವರಲ್ಲೂ ಕೆಲವರಿಗೆ ವಾರಗಟ್ಟಲೆ ಡಯಾಲಿಸಿಸ್ ಬೇಕಾಗುತ್ತದೆ.

ಪ್ರಶ್ನೆ: ಹಾವಾಡಿಗರ ಹಾವಿಗೆ ಹಲ್ಲು ಕಿತ್ತಿರುತ್ತಾರೆ. ಅದನ್ನು ಮುಟ್ಟಿದರೆ ಅಪಾಯವಿಲ್ಲ ಅಲ್ಲವೇ?

ಉತ್ತರ: ಅಪಾಯವಿದೆ. ಹಲ್ಲು ಕಿತ್ತರೂ ವಿಷದ ಗ್ರಂಥಿ ಹಾಗೆಯೇ ಇರುತ್ತದೆ. ಹಾವಿನ ಹಲ್ಲು ನಮ್ಮ ಹಲ್ಲಿನಂತಲ್ಲ, ಒಂದು ಹೋದರೆ ಹಿಂದೆ ಇನ್ನೊಂದು ಸಿದ್ಧವಾಗಿರುತ್ತದೆ. ಕೆಲವು ವಾರಗಳಲ್ಲಿ ಹೊಸ ವಿಷದ ಹಲ್ಲು ಬಂದು ನಿಲ್ಲುತ್ತದೆ. ಯಾವಾಗ ಬಂತು ಎಂಬುದು ಬುಟ್ಟಿ ಹೊತ್ತವರಿಗೂ ತಿಳಿದಿರುವುದಿಲ್ಲ.

ಹಾಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಹಾವಿಗೆ ಹಾಲು ಆಹಾರವಲ್ಲ, ಅದು ಜೀರ್ಣವಾಗುವುದಿಲ್ಲ. ಹಬ್ಬಕ್ಕೆ ಮುಂಚೆ ದಿನಗಟ್ಟಲೆ ನೀರು ಕೊಡದೆ ಒಣಗಿಸಿದ ಹಾವು ಮುಂದೆ ಇಟ್ಟದ್ದನ್ನು ಕುಡಿಯುತ್ತದೆ, ಅನಂತರ ನರಳುತ್ತದೆ. ಕಲ್ಲಿನ ಹಾವಿಗೂ ಜೀವವಿರುವ ಹಾವಿಗೂ ನಾವು ಮಾಡುವ ಭೇದವನ್ನು ಕುರಿತು ಬಸವಣ್ಣನವರು ಹೇಳಿದ ವಚನ ನಿಮಗೆಲ್ಲ ಬಾಯಿಪಾಠ. ಇನ್ನು ಪುಂಗಿಗೆ ಹಾವು ತಲೆದೂಗುವುದು ರಾಗಕ್ಕಲ್ಲ. ಹಾವಿಗೆ ಹೊರಕಿವಿಯಿಲ್ಲ. ಕಣ್ಣೆದುರು ಆಡುವ ಪುಂಗಿಯ ಮೇಲೆ ನಿಗಾ ಇಟ್ಟು ಅದರ ಜೊತೆಗೇ ಹೆಡೆ ತಿರುಗಿಸುತ್ತದೆ, ಅಷ್ಟೆ.

ಪ್ರಶ್ನೆ: ಸಾಕಿದ ಹಾವು ಯಜಮಾನನನ್ನು ಗುರುತಿಸುವುದಿಲ್ಲವೇ? ಪಳಗಿದವರಿಗೆ ವಿಷ ಏರುವುದಿಲ್ಲ ಎನ್ನುತ್ತಾರೆ.

ಉತ್ತರ: ಹಾವು ಮನುಷ್ಯನ ಕೈಗೆ ಒಗ್ಗಿಕೊಂಡು ಸುಮ್ಮನಿರಬಹುದು. ನಾಯಿಯಂತೆ ಒಡೆಯನೆಂದು ತಿಳಿದು ಪ್ರೀತಿ ತೋರುವ ಸ್ವಭಾವ ಅದಕ್ಕಿಲ್ಲ. ಇಲಿ ಹಿಡಿದ ಕೈ ತೊಳೆಯದೆ ಬುಟ್ಟಿ ತೆರೆದರೆ ಆ ವಾಸನೆಗೆ ಕೈಯನ್ನೇ ಕಚ್ಚುತ್ತದೆ. ಅದು ಕೃತಘ್ನತೆಯೂ ಅಲ್ಲ, ಹಗೆಯೂ ಅಲ್ಲ.

ಅನುಭವವಿದ್ದರೆ ಸಾಕು ಎನ್ನುವವರಿಗೆ ಒಂದು ಉದಾಹರಣೆ. ಅಮೆರಿಕದ ಷಿಕಾಗೊದಲ್ಲಿ ಕಾರ್ಲ್ ಸ್ಮಿತ್ ಎಂಬ ಪ್ರಖ್ಯಾತ ಸರ್ಪತಜ್ಞರಿದ್ದರು. 1957ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮೃಗಾಲಯದವರು ಗುರುತಿಸಿಕೊಡಿ ಎಂದು ಕಳುಹಿಸಿದ್ದ ಒಂದು ಆಫ್ರಿಕಾದ ಮರಿಹಾವು ಅವರ ಹೆಬ್ಬೆರಳನ್ನು ಕಚ್ಚಿತು. ಇಷ್ಟು ಚಿಕ್ಕ ಹಾವು ಪ್ರಾಣ ತೆಗೆಯಲಾರದು ಎಂದುಕೊಂಡು ಅವರು ಆಸ್ಪತ್ರೆಗೆ ಹೋಗಲಿಲ್ಲ. ತಮಗಾದ ಲಕ್ಷಣಗಳನ್ನು ಗಂಟೆಗಂಟೆಗೂ ಬರೆದಿಟ್ಟರು. ಮಾರನೆಯ ದಿನ ತೀರಿಕೊಂಡರು. ನಮ್ಮ ರಾಜ್ಯದ ಮಲೆನಾಡಿನಲ್ಲೂ ವರ್ಷಗಟ್ಟಲೆ ಹಾವು ಹಿಡಿದು ಕಾಡಿಗೆ ಬಿಡುತ್ತಿದ್ದ ಒಬ್ಬರು 2023ರಲ್ಲಿ ತಾವೇ ಹಿಡಿದಿಟ್ಟಿದ್ದ ನಾಗರಹಾವು ಕಚ್ಚಿ ಮೃತಪಟ್ಟರು. ಹಾವಿನ ಬಗ್ಗೆ ನಮ್ಮ ನಿಮ್ಮೆಲ್ಲರಿಗಿಂತ ಹೆಚ್ಚು ತಿಳಿದಿದ್ದವರು ಇವರು.

ಪದೇ ಪದೇ ಕಚ್ಚಿಸಿಕೊಂಡರೆ ಮೈ ಪಳಗುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಹಾವು ಹಿಡಿಯುವವರಲ್ಲಿ ಇದಕ್ಕೆ ವಿರುದ್ಧವಾದದ್ದೇ ಆಗುವುದುಂಟು. ಕೆಲವರಿಗೆ ವಿಷವೇ ಅಲರ್ಜಿಯಾಗಿ, ಮತ್ತೊಮ್ಮೆ ಸ್ವಲ್ಪ ತಗುಲಿದರೂ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುತ್ತದೆ.

ಪ್ರಶ್ನೆ: ರೇಷ್ಮೆ ಹುಳು ಮನೆಯಲ್ಲಿ ಇಲಿ ಕಾಟ. ಒಂದು ಕೇರೆಹಾವು ತಂದು ಬಿಟ್ಟುಕೊಂಡರೆ?

ಉತ್ತರ: ಒಳ್ಳೆಯ ಯೋಚನೆ, ಆದರೆ ನಡೆಯುವುದಿಲ್ಲ. ಹಿಡಿದು ತರುವುದು ಅಪರಾಧ ಎಂಬುದು ಒಂದು ಕಡೆ. ತಂದು ಬಿಟ್ಟರೂ ಕೇರೆಹಾವು ನಿಲ್ಲುವುದಿಲ್ಲ, ತನ್ನ ದಾರಿ ತಾನು ಹಿಡಿಯುತ್ತದೆ. ತಾನಾಗಿ ಬಂದು ಹೋಗುವ ಕೇರೆಹಾವನ್ನು ಹೊಡೆಯದೆ ಬಿಟ್ಟರೆ ನಿಮ್ಮ ಕೆಲಸ ಬಿಟ್ಟಿಯಾಗಿ ಆಗುತ್ತದೆ. ಇಲಿಗೆ ದಾರಿಯಾಗುವ ಬಿಲ, ಬಾಗಿಲ ಸಂದುಗಳನ್ನು ಮುಚ್ಚಿ. ತಿಂದುಳಿದ ಸೊಪ್ಪು, ಕಡ್ಡಿಗಳನ್ನು ಗೋಡೆ ಬದಿಗೆ ರಾಶಿ ಹಾಕಬೇಡಿ. ಇಲಿ ಇದ್ದ ಕಡೆ ಕೇರೆಹಾವಷ್ಟೇ ಅಲ್ಲ, ನಾಗರವೂ ಬರುತ್ತದೆ.

ಪ್ರಶ್ನೆ: ಮರಿಹಾವಿಗೆ ವಿಷವಿರುತ್ತದೆಯೇ? ಮಕ್ಕಳು ಬಾಟಲಿಯಲ್ಲಿ ಹಾಕಿ ಇಟ್ಟುಕೊಂಡಿದ್ದರು.

ಉತ್ತರ: ಇರುತ್ತದೆ. ನಾಗರಹಾವಿನ ಮರಿ ಮೊಟ್ಟೆಯಿಂದ ಹೊರಬಂದ ದಿನವೇ ಹೆಡೆ ಎತ್ತಬಲ್ಲದು, ಕಚ್ಚಬಲ್ಲದು. ಕೊಳಕುಮಂಡಲ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಅವುಗಳಿಗೂ ಹುಟ್ಟಿನಿಂದಲೇ ವಿಷವಿದೆ. ಬೇಸಿಗೆಯ ಕೊನೆ ಮತ್ತು ಮುಂಗಾರಿನ ಆರಂಭದಲ್ಲಿ ಮನೆಯ ಸುತ್ತ ಮರಿಗಳು ಕಾಣಿಸಿಕೊಳ್ಳುತ್ತವೆ. ಇನ್ನೊಂದು ಗಮನಿಸಿ: ಮನೆಯೊಳಗೆ ಹಲ್ಲಿ ತಿನ್ನಲು ಬರುವ ತೋಳಹಾವಿಗೆ ವಿಷವಿಲ್ಲ. ಕಟ್ಟುಹಾವು ನೋಡಲು ಹೆಚ್ಚುಕಡಿಮೆ ಹಾಗೆಯೇ, ಪಟ್ಟೆ ಪಟ್ಟೆಯಾಗಿ ಇರುತ್ತದೆ. ಅದರ ವಿಷ ನಾಗರಹಾವಿನದಕ್ಕಿಂತ ತೀಕ್ಷ್ಣ. ಬಾಟಲಿಯಲ್ಲಿರುವುದು ಯಾವುದೆಂದು ಮಕ್ಕಳು ಹೇಗೆ ತಿಳಿದಾರು? ಗದರಿಸಿದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಆದ್ದರಿಂದ ಕೂರಿಸಿಕೊಂಡು ತಿಳಿಹೇಳಿ.

ಪ್ರಶ್ನೆ: ಸಾಕಿದ ಅಥವಾ ಹಿಡಿಯಲು ಹೋದ ಹಾವು ಕಚ್ಚಿದರೆ ಆಸ್ಪತ್ರೆಯಲ್ಲಿ ಹಾಗೆಂದು ಹೇಳಬಹುದೇ? ಪೊಲೀಸ್ ಕೇಸಾಗುವುದಿಲ್ಲವೇ?

ಉತ್ತರ: ಈ ಕರಪತ್ರದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಹಾವನ್ನು ಇಟ್ಟುಕೊಂಡವರು, ಹಿಡಿಯಲು ಹೋದವರು ಕಚ್ಚಿದ ಕೂಡಲೇ ಆಸ್ಪತ್ರೆಗೆ ಬರುವುದಿಲ್ಲ. ಊರಿಗೆ ತಿಳಿದೀತು, ಅರಣ್ಯ ಇಲಾಖೆಯವರು ಬಂದಾರು ಎಂಬ ಭಯ. ಮಂತ್ರ, ನಾಟಿ ಔಷಧಿ ಎಂದು ಹೊತ್ತು ಕಳೆದು, ರೆಪ್ಪೆ ಜೋತುಬಿದ್ದು ನಾಲಿಗೆ ತೊದಲುವಾಗ ಬರುತ್ತಾರೆ. ಬಂದ ಮೇಲೂ 'ಏನೋ ಹುಳ ಮುಟ್ಟಿತು' ಎನ್ನುತ್ತಾರೆ. ಹಾವಿನ ಹೆಸರೆತ್ತಬಾರದೆಂದು ನಮ್ಮ ಹಿರಿಯರು ಹುಳ ಎನ್ನುತ್ತಿದ್ದರು, ಅದು ಸರಿ. ಆದರೆ ತುರ್ತು ವಿಭಾಗದಲ್ಲಿ ಹುಳ ಎಂದರೆ ಕಣಜವೋ ಜರಿಯೋ ಚೇಳೋ ಹಾವೋ ಎಂದು ವೈದ್ಯರು ಹುಡುಕಬೇಕಾಗುತ್ತದೆ. ಕಚ್ಚಿದ್ದು ಹಾವು ಎಂದೇ ಹೇಳಿ. ಎಷ್ಟು ಗಂಟೆಗೆ ಕಚ್ಚಿತು, ಹೇಗೆ ಕಚ್ಚಿತು, ಹಿಂದೆ ಯಾವಾಗಲಾದರೂ ಹಾವಿನ ಚುಚ್ಚುಮದ್ದು ತೆಗೆದುಕೊಂಡಿದ್ದೀರಾ, ಇವನ್ನೂ ಹೇಳಿ. ಮೊದಲೊಮ್ಮೆ ತೆಗೆದುಕೊಂಡವರಿಗೆ ಆ ಮದ್ದಿನಿಂದ ಅಲರ್ಜಿಯಾಗುವ ಸಾಧ್ಯತೆಯನ್ನು ವೈದ್ಯರು ಮುಂಚೆಯೇ ನೋಡಿಕೊಳ್ಳಬೇಕು.

ಆಸ್ಪತ್ರೆಯಲ್ಲಿ ಎಂ.ಎಲ್.ಸಿ. ಎಂದು ದಾಖಲಿಸಿಕೊಳ್ಳುವ ಪದ್ಧತಿಯಿದೆ. ಅದಕ್ಕೆ ಹೆದರಬೇಡಿ. ಜೀವಕ್ಕೆ ಅಪಾಯವಾದರೆ ಸರ್ಕಾರದ ಪರಿಹಾರ ಕೇಳಲು ಕುಟುಂಬಕ್ಕೆ ಅದೇ ದಾಖಲೆ ಬೇಕಾಗುತ್ತದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಅದು ಎಲ್ಲಿ ಎಷ್ಟು ಜನರಿಗೆ ಕಚ್ಚುತ್ತಿದೆ, ಎಲ್ಲಿಗೆ ಎಷ್ಟು ಔಷಧಿ ಬೇಕು ಎಂದು ತಿಳಿಯುವುದಕ್ಕೆ, ಯಾರನ್ನೂ ಹಿಡಿಯುವುದಕ್ಕಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಇವರಲ್ಲಿ ಬಹಳ ಜನ ಆಸ್ಪತ್ರೆಯ ಬಾಗಿಲನ್ನೇ ತುಳಿಯದೆ ಹೋದವರು. ನೀವು ಹಾವನ್ನು ಏಕೆ ಹಿಡಿದಿರಿ ಎಂಬುದು ವೈದ್ಯರ ಪ್ರಶ್ನೆಯಲ್ಲ. ನಿಮ್ಮ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು ಅವರ ಕೆಲಸ.

ಪ್ರಶ್ನೆ: ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಉತ್ತರ: ಕಚ್ಚಿದವರಿಗೆಲ್ಲ ಪ್ರತಿವಿಷ ಕೊಡುವುದಿಲ್ಲ. ವಿಷದ ಹಾವು ಕಚ್ಚಿದರೂ ಕೆಲವು ಸಲ ವಿಷ ಇಳಿದಿರುವುದಿಲ್ಲ. ಅದಕ್ಕೇ ರೆಪ್ಪೆ, ನುಂಗುವಿಕೆ, ಉಸಿರು, ಊತ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. 'ಬಂದು ಇಷ್ಟು ಹೊತ್ತಾಯಿತು, ಇಂಜೆಕ್ಷನ್ನೇ ಕೊಡಲಿಲ್ಲ' ಎಂದು ಬಂಧುಗಳು ಸಿಟ್ಟಾಗುವುದು ಈ ಹೊತ್ತಿನಲ್ಲಿಯೇ. ಲಕ್ಷಣವಿಲ್ಲದಿದ್ದರೂ 24 ಗಂಟೆ ಇಟ್ಟುಕೊಂಡು ನೋಡುವುದು ಅಗತ್ಯ. ಕಟ್ಟುಹಾವಿನ ಕಡಿತದಲ್ಲಿ ನೋವೇ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು, ಗಂಟಲು ಹಿಡಿತವೆಂದು ಏಳುತ್ತಾರೆ.

ವಿಷ ಏರಿದ ಲಕ್ಷಣ ಕಂಡರೆ ಪ್ರತಿವಿಷವನ್ನು ಡ್ರಿಪ್ಸ್ ಮೂಲಕ ಕೊಡುತ್ತಾರೆ, ಸಾಮಾನ್ಯವಾಗಿ ಮೊದಲಿಗೆ 8ರಿಂದ 10 ಬಾಟಲಿ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ. ಮಗು ಚಿಕ್ಕದೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲವಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಔಷಧಿ. ಕುದುರೆಗಳಿಗೆ ಅತಿ ಕಡಿಮೆ ಪ್ರಮಾಣದ ವಿಷ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿರೋಧ ವಸ್ತುವಿನಿಂದ ಇದನ್ನು ತಯಾರಿಸುತ್ತಾರೆ. ಇದಕ್ಕೆ ಬೇಕಾದ ವಿಷದ ಬಹುಪಾಲನ್ನು ಚೆನ್ನೈ ಸಮೀಪದ ವಡನೆಮ್ಮೇಲಿಯಲ್ಲಿ 1978ರಲ್ಲಿ ಆರಂಭವಾದ ಇರುಳರ ಸಹಕಾರ ಸಂಘ ಒದಗಿಸುತ್ತಾ ಬಂದಿದೆ. ಹಾವು ಹಿಡಿದು ಇಟ್ಟುಕೊಳ್ಳಲು ಅವರಿಗೆ ಸರ್ಕಾರದ ಅನುಮತಿ ಇದೆ, ಅದೂ ಸುಮಾರು ಒಂದು ತಿಂಗಳ ಮಟ್ಟಿಗೆ. ವಿಷ ತೆಗೆದ ಮೇಲೆ ಹಾವನ್ನು ಮತ್ತೆ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಆಸ್ಪತ್ರೆಗೆ ಬರುವ ಮುಂಚೆ ಮನೆಯಲ್ಲಿ ಏನು ಮಾಡಬೇಕು?

ಉತ್ತರ: ಬಿಗಿಯಾಗಿ ಕಟ್ಟಬೇಡಿ. ಕಟ್ಟಿದ ಕೈಕಾಲು ಕೊಳೆತು ಕತ್ತರಿಸಬೇಕಾದ ಪ್ರಸಂಗಗಳಿವೆ. ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಸುಡಬೇಡಿ. ಉಂಗುರ, ಬಳೆ, ಕಾಲುಂಗುರ, ಉಡಿದಾರ ಬಿಗಿಯಾಗಿದ್ದರೆ ಊತ ಏರುವ ಮುಂಚೆ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕಚ್ಚಿದ ಕೈ ಅಥವಾ ಕಾಲಿಗೆ ಹಲಗೆ ಕೊಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಕರೆತನ್ನಿ. 108ಕ್ಕೆ ಫೋನ್ ಮಾಡಿ. ಮಹದೇಶ್ವರ ಬೆಟ್ಟದ ಆಚೆಯ ಊರು, ಪೋಡುಗಳಿಂದ ಕೊಳ್ಳೇಗಾಲಕ್ಕೆ ಬರಲು ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. ಅಂಬುಲೆನ್ಸ್ ತಡವಾಗುವುದಾದರೆ ಕಾಯದೆ ಸಿಕ್ಕಿದ ವಾಹನದಲ್ಲಿ ಹೊರಡಿ. ಬೈಕಾದರೆ ರೋಗಿಯನ್ನು ಮಧ್ಯೆ ಕೂರಿಸಿ ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಿ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ದಾರಿಯಲ್ಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ಎಲ್ಲರೂ ನಮ್ಮಲ್ಲಿಗೇ ಬರಬೇಕೆಂದಿಲ್ಲ.

ಪ್ರಶ್ನೆ: ಮನೆಯೊಳಗೆ ಹಾವು ಬಂದು ಸೇರಿಕೊಂಡರೆ?

ಉತ್ತರ: ಮಕ್ಕಳನ್ನೂ ದನಕರುಗಳನ್ನೂ ದೂರ ಮಾಡಿ, ಹಾವು ಎಲ್ಲಿದೆಯೆಂದು ದೂರದಿಂದ ನೋಡುತ್ತಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಫೋಟೊ ತೆಗೆಯಲೆಂದು, ಮೊಬೈಲಿನಲ್ಲಿ ವಿಡಿಯೊ ಮಾಡಲೆಂದು ಹತ್ತಿರ ಹೋಗಬೇಡಿ.

ಪ್ರಶ್ನೆ: ಕಚ್ಚಿದ ಹಾವನ್ನು ಕೊಂದು ಆಸ್ಪತ್ರೆಗೆ ತರಬೇಕೇ?

ಉತ್ತರ: ಬೇಡ. ನಾಲ್ಕು ಹಾವಿಗೂ ಔಷಧಿ ಒಂದೇ ಆದ್ದರಿಂದ ಹಾವನ್ನು ನೋಡದೆಯೂ ಚಿಕಿತ್ಸೆ ನಡೆಯುತ್ತದೆ. ಹುಡುಕಿ ಹೊಡೆಯಲು ಹೋದವರಿಗೆ ಅದೇ ಹಾವು ಕಚ್ಚಿ ಒಬ್ಬರ ಬದಲು ಇಬ್ಬರು ರೋಗಿಗಳಾಗುತ್ತಾರೆ. ಸತ್ತ ಹಾವಿನ, ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತಿನವರೆಗೆ ಕಚ್ಚಬಲ್ಲದು. ದೂರದಿಂದಲೇ ಮೊಬೈಲಿನಲ್ಲಿ ಚಿತ್ರ ಸಿಕ್ಕಿದ್ದರೆ ತೋರಿಸಿ, ಇಲ್ಲದಿದ್ದರೂ ಚಿಂತೆಯಿಲ್ಲ. ಕೆಲವರು ಜೀವಂತ ಹಾವನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ತುರ್ತು ವಿಭಾಗಕ್ಕೆ ಬಂದು ಮೇಜಿನ ಮೇಲೆ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅಲ್ಲಿ ಬೇರೆ ರೋಗಿಗಳೂ ಇರುತ್ತಾರೆ.